ರಿಫೈನರಿಯಿಂದ ಶಿಪ್‌ಯಾರ್ಡ್‌ಗೆ: ಯುದ್ಧನೌಕೆಯ ಪೈಪಿಂಗ್‌ನಲ್ಲಿ ಹೊಸದಾಗಿ ಕಲಿಯಬೇಕಾದುದೇನು?

ಪ್ರಶ್ನೆ — ಸುರತ್ಕಲ್ಲಿನ ಪೈಪಿಂಗ್ ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ರಿಫೈನರಿ ಮತ್ತು ಪೆಟ್ರೋಕೆಮಿಕಲ್ ಸ್ಥಾವರಗಳಿಗೆ ಪೈಪಿಂಗ್ ವಿನ್ಯಾಸ ಮಾಡಿಕೊಂಡು ಬಂದವನು. ಎಎಸ್‌ಎಂಇ ಬಿ31.3 ಎಂಬ ಸ್ಥಾವರ ಪೈಪಿಂಗ್ ಸಂಹಿತೆಯ ಪ್ರಕಾರ ಪೈಪಿನ ದಪ್ಪ ನಿರ್ಧರಿಸುವುದು, ಬಿಸಿಯಾಗಿ ಹಿಗ್ಗುವ ಲೈನುಗಳಿಗೆ ಸ್ಟ್ರೆಸ್ ಅನಾಲಿಸಿಸ್ (ಪೈಪಿನ ಮೇಲೆ ಬೀಳುವ ಒತ್ತಡಗಳ ಲೆಕ್ಕ) ಮಾಡುವುದು, ಐಸೊಮೆಟ್ರಿಕ್ (ಪೈಪನ್ನು ಮೂರು ಆಯಾಮಗಳಲ್ಲಿ ತೋರಿಸುವ) ನಕ್ಷೆಗಳನ್ನು ಪರಿಶೀಲಿಸುವುದು ನನಗೆ ರೂಢಿಯಾದ ಕೆಲಸಗಳು. ಈಗ ನೌಕಾಪಡೆಗೆ ಹಡಗು ಕಟ್ಟುವ ಶಿಪ್‌ಯಾರ್ಡ್ ಒಂದರ ವಿನ್ಯಾಸ ವಿಭಾಗದಿಂದ ಸಂದರ್ಶನಕ್ಕೆ ಕರೆ ಬಂದಿದೆ.

ಪೈಪು ಎಲ್ಲಿದ್ದರೂ ಪೈಪೇ, ಒಂದೆರಡು ತಿಂಗಳಲ್ಲಿ ಹೊಂದಿಕೊಳ್ಳುತ್ತೀಯ ಎಂದು ಗೆಳೆಯರು ಧೈರ್ಯ ಹೇಳುತ್ತಾರೆ. ಆದರೆ ಹುದ್ದೆಯ ವಿವರಣೆಯಲ್ಲಿ ಶಾಕ್ (ಸ್ಫೋಟದ ಆಘಾತ), ಶಬ್ದ ನಿಯಂತ್ರಣ, ಡ್ಯಾಮೇಜ್ ಕಂಟ್ರೋಲ್ (ಹಾನಿಯಾದ ಮೇಲೂ ಹಡಗನ್ನು ಉಳಿಸಿಕೊಳ್ಳುವುದು) ಎಂಬ ಅಂಶಗಳನ್ನು ಕಂಡಾಗ ಇದು ನಾನು ಬಲ್ಲ ಕೆಲಸವಲ್ಲ ಎಂದು ಅನ್ನಿಸಿತು. ಈ ಕ್ಷೇತ್ರದಲ್ಲಿ ಇರುವವರು, ನನ್ನ ಈವರೆಗಿನ ಅನುಭವದಲ್ಲಿ ಯಾವುದು ಅಲ್ಲಿ ಉಪಯೋಗಕ್ಕೆ ಬರುತ್ತದೆ, ಯಾವುದನ್ನು ಮೊದಲಿನಿಂದ ಕಲಿಯಬೇಕು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 — ಕೊಚ್ಚಿಯಲ್ಲಿರುವ ಹಡಗು ವಿನ್ಯಾಸಕ

ನಮಸ್ಕಾರ. ನಿಮಗೆ ಬಂದಿರುವ ಅನುಮಾನ ಸರಿಯಾಗಿಯೇ ಇದೆ. ಲೆಕ್ಕ ಹಾಕುವ ವಿಧಾನ ನಿಮಗೆ ಗೊತ್ತಿರುವಂಥದ್ದೇ. ಯಾತಕ್ಕಾಗಿ ಲೆಕ್ಕ ಹಾಕುತ್ತೇವೆ ಎಂಬುದು ಮಾತ್ರ ಬೇರೆ. ರಿಫೈನರಿಯ ಲೈನು ವರ್ಷಾನುಗಟ್ಟಲೆ ಸೋರದೆ ಒಡೆಯದೆ ಕೆಲಸ ಮಾಡಿದರೆ ವಿನ್ಯಾಸಕನ ಹೊಣೆ ಬಹುಮಟ್ಟಿಗೆ ತೀರಿತು. ಯುದ್ಧನೌಕೆಯಲ್ಲಿ, ಈ ಲೈನು ತುಂಡಾದ ಮೇಲೆ ಹಡಗಿನ ಬಳಿ ಏನು ಉಳಿದಿರುತ್ತದೆ ಎಂಬುದಕ್ಕೂ ನಕ್ಷೆಯಲ್ಲೇ ಉತ್ತರ ಇರಬೇಕು. ಶತ್ರುವಿನ ಕ್ಷಿಪಣಿ ಎಲ್ಲಿ ತಾಗುತ್ತದೆ ಎಂದು ಯಾರೂ ಹೇಳಲಾರರಾದ್ದರಿಂದ, ಎಲ್ಲಿ ತಾಗಿದರೂ ಉಳಿದ ಭಾಗ ಜೀವಂತವಾಗಿರುವಂತೆ ಜಾಲವನ್ನು ಹೆಣೆಯಬೇಕಾಗುತ್ತದೆ.

ಇದಕ್ಕೆ ಬೆಂಕಿ ಆರಿಸುವ ನೀರಿನ ಜಾಲಕ್ಕಿಂತ, ಅಂದರೆ ಫೈರ್‌ಮೇನ್‌ಗಿಂತ, ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1982ರ ಮೇ 4ರಂದು, ಫಾಕ್‌ಲ್ಯಾಂಡ್ ಯುದ್ಧದ ಸಮಯದಲ್ಲಿ, ಬ್ರಿಟನ್ನಿನ ಎಚ್‌ಎಂಎಸ್ ಶೆಫೀಲ್ಡ್ ಹಡಗಿಗೆ ಎಕ್ಸೊಸೆಟ್ ಕ್ಷಿಪಣಿಯೊಂದು ಬಡಿಯಿತು. ಆ ಹೊಡೆತಕ್ಕೆ ಫೈರ್‌ಮೇನ್ ಒಡೆದು ನೀರಿನ ಒತ್ತಡವೇ ಇಲ್ಲವಾದದ್ದರಿಂದ, ನಾವಿಕರು ಬೆಂಕಿಯ ಎದುರು ಬಹುಪಾಲು ಬರಿಗೈಯಲ್ಲಿ ನಿಲ್ಲಬೇಕಾಯಿತು. 20 ಮಂದಿ ಸತ್ತರು, ಸುಟ್ಟುಹೋದ ಹಡಗು ಎಳೆದೊಯ್ಯುವ ದಾರಿಯಲ್ಲಿ ಮೇ 10ರಂದು ಮುಳುಗಿತು. 1987ರ ಮೇ ತಿಂಗಳಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಯುಎಸ್‌ಎಸ್ ಸ್ಟಾರ್ಕ್‌ಗೆ ಎರಡು ಕ್ಷಿಪಣಿಗಳು ತಗುಲಿದಾಗಲೂ ಹೊಡೆತ ಬಿದ್ದ ಕಡೆ ಫೈರ್‌ಮೇನ್ ಒಡೆದಿತ್ತು; ಅಲ್ಲಿ 37 ಮಂದಿ ಪ್ರಾಣ ಕಳೆದುಕೊಂಡರು, ಹಡಗು ಮಾತ್ರ ಉಳಿಯಿತು.

ಆದ್ದರಿಂದ ಯುದ್ಧನೌಕೆಯಲ್ಲಿ ಫೈರ್‌ಮೇನನ್ನು ಒಂದೇ ಸಾಲಿನಲ್ಲಿ ಎಳೆಯದೆ, ಎಡಬಲಗಳಲ್ಲಿ ಎರಡು ಸಾಲುಗಳಾಗಿ ಸಾಗಿ ನಡುನಡುವೆ ಅಡ್ಡಕೊಂಡಿಗಳಿಂದ ಸೇರುವ ಉಂಗುರದಂತೆ ರೂಪಿಸುತ್ತಾರೆ. ಒಂದೇ ಹೊಡೆತಕ್ಕೆ ಎರಡೂ ಹೋಗಬಾರದೆಂದು ಕೆಲವು ವಿನ್ಯಾಸಗಳಲ್ಲಿ ಒಂದು ಸಾಲನ್ನು ಮೇಲಿನ ಡೆಕ್ಕಿನಲ್ಲೂ ಇನ್ನೊಂದನ್ನು ಕೆಳಗಿನ ಡೆಕ್ಕಿನಲ್ಲೂ ಒಯ್ಯುವುದುಂಟು. ಪಂಪುಗಳನ್ನು ಒಂದೇ ಕೋಣೆಯಲ್ಲಿ ಕೂಡಿಸದೆ ಹಡಗಿನ ಉದ್ದಕ್ಕೂ ಹಂಚಿ ಇಡುತ್ತಾರೆ. ಒಡೆದ ಭಾಗವನ್ನು ಬೇರ್ಪಡಿಸುವ ವಾಲ್ವುಗಳು ಎಲ್ಲಿರಬೇಕು, ಅವನ್ನು ದೂರದಿಂದ ಮುಚ್ಚಲು ಸಾಧ್ಯವೇ, ವಿದ್ಯುತ್ತೂ ಹೋಗಿ ಹೊಗೆ ತುಂಬಿದ ಓಣಿಯಲ್ಲಿ ಉಸಿರಾಟದ ಮುಖವಾಡ ಹಾಕಿಕೊಂಡ ನಾವಿಕ ಕೈಯಿಂದಲೇ ತಿರುಗಿಸಬೇಕಾದರೆ ಆ ಚಕ್ರ ಅವನ ಕೈಗೆ ಎಟುಕುತ್ತದೆಯೇ ಎಂಬವೆಲ್ಲ ಪೈಪಿಂಗ್ ಎಂಜಿನಿಯರ್ ಉತ್ತರಿಸಬೇಕಾದ ಪ್ರಶ್ನೆಗಳು. ನಿಮ್ಮ ಈಗಿನ ಕೆಲಸದಲ್ಲಿ ವಾಲ್ವಿನ ಸ್ಥಾನವನ್ನು ನಿರ್ವಹಣೆಯ ಅನುಕೂಲ ನೋಡಿ ನಿರ್ಧರಿಸುತ್ತೀರಿ. ಇಲ್ಲಿ ಅದು ಆ ನಾವಿಕನ ಬದುಕುವ ಸಾಧ್ಯತೆಯನ್ನೇ ನಿರ್ಧರಿಸುತ್ತದೆ.

ಎರಡನೆಯ ವಿಷಯ ಜಾಗ. ನಮ್ಮ ಊರಿನಲ್ಲೇ ಕಟ್ಟಲ್ಪಟ್ಟು 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್ ವಿಮಾನವಾಹಕ ನೌಕೆ 262 ಮೀಟರ್ ಉದ್ದವಿದೆ. ಸರ್ಕಾರ ಪ್ರಕಟಿಸಿದ ಅಂಕಿಗಳ ಪ್ರಕಾರ ಅದರಲ್ಲಿ ಸುಮಾರು 150 ಕಿಲೋಮೀಟರ್ ಪೈಪು, 2,000 ವಾಲ್ವು ಮತ್ತು 2,500 ಕಿಲೋಮೀಟರ್ ವಿದ್ಯುತ್ ಕೇಬಲ್ ಇವೆ. ರಿಫೈನರಿಯಲ್ಲಿ ಪೈಪ್‌ರ‍್ಯಾಕ್ ಸಾಲದಿದ್ದರೆ ಇನ್ನೊಂದು ಅಂತಸ್ತು ಏರಿಸಬಹುದು. ಹಡಗಿನಲ್ಲಿ ಡೆಕ್ಕಿನ ಎತ್ತರ ಮೊದಲೇ ನಿಗದಿಯಾಗಿರುತ್ತದೆ. ಅಷ್ಟರೊಳಗೇ ಗಾಳಿಯ ಡಕ್ಟು, ಕೇಬಲ್ ಟ್ರೇ, ತಣ್ಣೀರಿನ ಲೈನು, ಇಂಧನದ ಲೈನು, ಶೌಚದ ನೀರು ಹರಿಯುವ ಇಳಿಜಾರಿನ ಲೈನು ಎಲ್ಲವೂ ಹೋಗಬೇಕು. ದೊಡ್ಡ ಡಕ್ಟುಗಳಿಗೂ ಇಳಿಜಾರು ಬೇಕಾದ ಲೈನುಗಳಿಗೂ ಮೊದಲು ದಾರಿ ಬಿಟ್ಟುಕೊಡಬೇಕು, ಏಕೆಂದರೆ ಅವನ್ನು ಆಮೇಲೆ ಬಗ್ಗಿಸಲು ಬರುವುದಿಲ್ಲ. ಹಡಗು ಒಂದು ಬದಿಗೆ ವಾಲಿದಾಗಲೂ ನೀರು ಹರಿಯಬೇಕಾದ್ದರಿಂದ ಇಳಿಜಾರಿನ ಲೆಕ್ಕವೂ ನೆಲದ ಮೇಲಿನದಕ್ಕಿಂತ ಬೇರೆ. ಹಡಗನ್ನು ವಿಭಾಗಿಸುವ ಜಲನಿರೋಧಕ ಅಡ್ಡಗೋಡೆಯಲ್ಲಿ, ಅಂದರೆ ಬಲ್ಕ್‌ಹೆಡ್ಡಿನಲ್ಲಿ, ಕೊರೆಯುವ ಪ್ರತಿಯೊಂದು ರಂಧ್ರಕ್ಕೂ ಹಲ್ (ಹಡಗಿನ ಒಡಲು) ವಿಭಾಗದವರ ಒಪ್ಪಿಗೆ ಬೇಕು, ಮತ್ತು ಆ ರಂಧ್ರದಿಂದ ಆ ಗೋಡೆಯ ನೀರು ತಡೆಯುವ ಗುಣ ಕೆಡಬಾರದು. ವಿದ್ಯುತ್ ಸ್ವಿಚ್‌ಬೋರ್ಡಿನ ನೆತ್ತಿಯ ಮೇಲೆ ನೀರಿನ ಲೈನಿನ ಫ್ಲೇಂಜ್ (ಬೋಲ್ಟು ಬಿಗಿದ ಜೋಡಣೆ) ಬರದಂತೆ ನೋಡಿಕೊಳ್ಳುವುದು ಇಲ್ಲಿ ಮೊದಲ ಪಾಠಗಳಲ್ಲೊಂದು.

ಇದಲ್ಲದೆ ತೂಕವನ್ನೂ ಗಮನಿಸಬೇಕು. ಮೇಲಿನ ಡೆಕ್ಕಿನಲ್ಲಿ ಸೇರಿಸಿದ ಪ್ರತಿಯೊಂದು ಕಿಲೋ ಹಡಗಿನ ಸ್ಥಿರತೆಯ ಲೆಕ್ಕಕ್ಕೆ ಹೋಗುತ್ತದೆ. ಸುರಕ್ಷತೆಗೆಂದು ಒಂದು ದರ್ಜೆ ದಪ್ಪದ ಪೈಪನ್ನು ಹಾಕಿಬಿಡುವ ಅಭ್ಯಾಸ ಸ್ಥಾವರಗಳಲ್ಲಿ ನಡೆಯುತ್ತದೆ. ಇಲ್ಲಿ ಅದಕ್ಕೆ ಕಾರಣ ಕೇಳುತ್ತಾರೆ.

ಉತ್ತರ 2 — ಮುಂಬಯಿಯಲ್ಲಿ ಔಟ್‌ಫಿಟಿಂಗ್ (ಹಡಗಿನೊಳಗೆ ಪೈಪು, ಯಂತ್ರಗಳನ್ನು ಕೂರಿಸುವ) ಕೆಲಸ ನೋಡಿಕೊಳ್ಳುವವರು

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ವಿನ್ಯಾಸ ವಿಭಾಗದಲ್ಲಿ ಕುಳಿತವರಿಗೆ ಕಾಣದ ಅರ್ಧ ಭಾಗ ಯಾರ್ಡಿನ ನೆಲದ ಮೇಲಿದೆ. ಹೊಸಬರು ಕೆಲಸಕ್ಕೆ ಸೇರಿದೊಡನೆ ಮಾಡೆಲಿಂಗ್ ಸಾಫ್ಟ್‌ವೇರ್ ಕಲಿಯಲು ಓಡುವುದಕ್ಕಿಂತ, ಮೊದಲ ಕೆಲವು ತಿಂಗಳು ಪೈಪ್ ಶಾಪಿನಲ್ಲೂ (ಪೈಪು ಸಿದ್ಧಪಡಿಸುವ ಕಾರ್ಯಾಗಾರ) ಬ್ಲಾಕುಗಳ (ಬಿಡಿಬಿಡಿಯಾಗಿ ಕಟ್ಟುವ ಹಡಗಿನ ಭಾಗಗಳ) ಒಳಗೂ ಓಡಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗಿನ ಯುದ್ಧನೌಕೆಗಳನ್ನು ಬ್ಲಾಕುಗಳಾಗಿ ಕಟ್ಟಿ ಜೋಡಿಸುತ್ತಾರೆ. ಮುಂಬಯಿಯ ಮಝಗಾಂವ್ ಡಾಕ್‌ನಲ್ಲೂ ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲೂ ನಿರ್ಮಾಣವಾದ ನೀಲಗಿರಿ ವರ್ಗದ ಫ್ರಿಗೇಟುಗಳು ಈ ವಿಧಾನದ ಒಳ್ಳೆಯ ನಿದರ್ಶನ. ಅವುಗಳಲ್ಲಿ ಮೊದಲನೆಯದಾದ ಐಎನ್‌ಎಸ್ ನೀಲಗಿರಿ 2025ರ ಜನವರಿ 15ರಂದು ಮುಂಬಯಿಯಲ್ಲಿ ಸೇವೆಗೆ ಸೇರಿತು. ಈ ವಿಧಾನದಲ್ಲಿ ಬ್ಲಾಕು ಇನ್ನೂ ನೆಲದ ಮೇಲಿರುವಾಗಲೇ, ಬೇಕಾದರೆ ತಲೆಕೆಳಗಾಗಿ ಇಟ್ಟುಕೊಂಡು, ಪೈಪುಗಳನ್ನು ಕೂರಿಸಿಬಿಡಬೇಕು. ಶಾಪಿನಲ್ಲಿ ಒಂದು ಗಂಟೆ ಹಿಡಿಯುವ ಕೆಲಸ ಬ್ಲಾಕಿನ ಮೇಲೆ ಮೂರು ಗಂಟೆ, ಹಡಗು ನೀರಿಗಿಳಿದ ಮೇಲೆ ಎಂಟು ಗಂಟೆ ಹಿಡಿಯುತ್ತದೆ ಎಂಬ ಅಂದಾಜು ಈ ಉದ್ಯಮದಲ್ಲಿ ಬಹಳ ಹಿಂದಿನಿಂದ ಚಾಲ್ತಿಯಲ್ಲಿದೆ. ಇಕ್ಕಟ್ಟಾದ ಕೋಣೆಯಲ್ಲಿ ಬಿಸಿ ಕೆಲಸಕ್ಕೆ ಪರವಾನಗಿ ಪಡೆದು, ಬೆಂಕಿ ಕಾಯುವವರನ್ನು ನಿಲ್ಲಿಸಿ, ಆಗಲೇ ಬಳಿದಿದ್ದ ಬಣ್ಣವನ್ನು ಕೆರೆದು ವೆಲ್ಡಿಂಗ್ ಮಾಡಿಸಿದವರಿಗೆ ಆ ಎಂಟು ಗಂಟೆಯೂ ಕಡಿಮೆ ಎಂದೇ ಅನ್ನಿಸುತ್ತದೆ.

ಹಾಗಾಗಿ ನೀವು ತೆಗೆಯುವ ಸ್ಪೂಲ್ (ಶಾಪಿನಲ್ಲಿ ಸಿದ್ಧಪಡಿಸುವ ಪೈಪಿನ ತುಂಡು) ನಕ್ಷೆ ಜ್ಯಾಮಿತಿಯಲ್ಲಿ ಸರಿಯಿದ್ದರೆ ಸಾಲದು. ಆ ಸ್ಪೂಲು ಬಾಗಿಲಿನಿಂದ ಒಳಗೆ ಹೋಗುತ್ತದೆಯೇ, ಬಾಗಿಸುವ ಯಂತ್ರ ಹಿಡಿಯುವಷ್ಟು ನೇರ ಭಾಗ ಎರಡು ಬಾಗುಗಳ ನಡುವೆ ಇದೆಯೇ, ಬೋಲ್ಟಿಗೆ ಸ್ಪಾನರ್ ಹಾಕಿ ತಿರುಗಿಸಲು ಜಾಗವಿದೆಯೇ, ಕೊನೆಯ ಬೆಸುಗೆಗೆ ವೆಲ್ಡರ್ ಎಲ್ಲಿ ಕುಳಿತುಕೊಳ್ಳುತ್ತಾನೆ ಎಂಬುದನ್ನೆಲ್ಲ ಯೋಚಿಸಿರಬೇಕು. ಎರಡು ಬ್ಲಾಕುಗಳು ಸೇರುವ ಕಡೆ ಉಕ್ಕಿನ ಅಳತೆ ನಕ್ಷೆಗೆ ಕರಾರುವಾಕ್ಕಾಗಿ ಹೊಂದುವುದಿಲ್ಲವಾದ್ದರಿಂದ, ಅಲ್ಲಿನ ಕೊಂಡಿ ತುಂಡನ್ನು ಜೋಡಣೆ ಮುಗಿದ ಮೇಲೆ ಜಾಗದಲ್ಲೇ ಅಳೆದು ಮಾಡುತ್ತೇವೆ. ಅಂಥ ತುಂಡನ್ನು ಎಲ್ಲಿ ಇಡಬೇಕೆಂದು ಮೊದಲೇ ತೀರ್ಮಾನಿಸಿದ ವಿನ್ಯಾಸಕರ ಬಗ್ಗೆ ಯಾರ್ಡಿನಲ್ಲಿ ಎಲ್ಲರಿಗೂ ಗೌರವವಿರುತ್ತದೆ.

ಯಂತ್ರ ಪೂರೈಸುವವರ ಮಾಹಿತಿ ತಡವಾಗಿ ಬರುವುದು ಈ ಕ್ಷೇತ್ರದ ಹಳೆಯ ಕಷ್ಟ. ಪಂಪಿನ ನಾಜಲ್ (ಪೈಪು ಸೇರುವ ಬಾಯಿ) ಎಲ್ಲಿದೆ ಎಂದು ಖಚಿತವಾಗುವ ಮೊದಲೇ ಬ್ಲಾಕಿನ ಉಕ್ಕು ಕತ್ತರಿಸಿ ಆಗಿರುತ್ತದೆ. ಯುದ್ಧನೌಕೆ ಸಿದ್ಧವಾಗಲು ವರ್ಷಗಳೇ ಹಿಡಿಯುವುದರಿಂದ, ನಡುವೆ ನೌಕಾಪಡೆ ಹೊಸ ರೇಡಾರನ್ನೋ ಆಯುಧವನ್ನೋ ಬಯಸಿದರೆ ಅದಕ್ಕೆ ಬೇಕಾದ ತಣ್ಣೀರಿನ ಲೈನನ್ನು ಆಗಲೇ ತುಂಬಿದ ಕೋಣೆಯಲ್ಲಿ ಹೊಸದಾಗಿ ನುಗ್ಗಿಸಬೇಕಾಗುತ್ತದೆ. ಇದನ್ನು ಅಡಚಣೆ ಎಂದು ಭಾವಿಸುವವರಿಗೆ ಈ ಕೆಲಸ ಬಹಳ ದಿನ ಹಿಡಿಸುವುದಿಲ್ಲ.

ಪರೀಕ್ಷೆಯ ವಿಧಾನ ನಿಮಗೆ ಪರಿಚಿತವೇ: ಸಾಮಾನ್ಯವಾಗಿ ವಿನ್ಯಾಸದ ಒತ್ತಡದ ಒಂದೂವರೆ ಪಟ್ಟಿಗೆ ಹೈಡ್ರೋಟೆಸ್ಟ್ (ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆ), ಹೈಡ್ರಾಲಿಕ್ ಮತ್ತು ಲ್ಯೂಬ್ ಆಯಿಲ್ ಲೈನುಗಳಿಗೆ ನಿಗದಿತ ಶುಚಿತ್ವದ ಮಟ್ಟ ಬರುವವರೆಗೆ ಫ್ಲಶಿಂಗ್ (ದ್ರವ ಹರಿಸಿ ಒಳಗನ್ನು ತೊಳೆಯುವುದು). ಪ್ರತಿಯೊಂದಕ್ಕೂ ನೌಕಾಪಡೆಯ ಮೇಲ್ವಿಚಾರಣಾ ತಂಡದ ಸಹಿ ಬೇಕು, ಅನೇಕ ಯೋಜನೆಗಳಲ್ಲಿ ಹಡಗುಗಳನ್ನು ಪರಿಶೀಲಿಸಿ ಪ್ರಮಾಣೀಕರಿಸುವ ವರ್ಗೀಕರಣ ಸಂಸ್ಥೆಯ ಸರ್ವೇಯರ ಸಹಿಯೂ ಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಸ್ಟ್ರೆಸ್ ಅನಾಲಿಸಿಸ್ ನನ್ನ ಮುಖ್ಯ ಬಲ. ಹಡಗಿನ ಹೆಚ್ಚಿನ ಲೈನುಗಳು ತಣ್ಣನೆಯವು ಎಂದಮೇಲೆ ಆ ಬಲ ಅಲ್ಲಿ ನಿರುಪಯುಕ್ತವಾಗುತ್ತದೆಯೇ? ಹಾಗೆಯೇ ಕಡಲ ನೀರಿನ ಲೈನುಗಳಿಗೆ ತಾಮ್ರ ಮತ್ತು ನಿಕಲ್‌ನ ಮಿಶ್ರಲೋಹವನ್ನು ಬಳಸುತ್ತಾರೆಂದು ಓದಿದ್ದೇನೆ. ನಮ್ಮಲ್ಲಿ ಧಾರಾಳವಾಗಿ ಬಳಸುವ 316 ಸ್ಟೇನ್‌ಲೆಸ್ ಸ್ಟೀಲ್ ಅಲ್ಲಿ ಏಕೆ ಆಗುವುದಿಲ್ಲ?

ಉತ್ತರ 3 — ನೌಕಾಪಡೆಯ ಗುಣಮಟ್ಟ ವಿಭಾಗದಿಂದ ನಿವೃತ್ತರು

ಎರಡನೆಯ ಸಂದೇಹವನ್ನು ಮೊದಲು ತೆಗೆದುಕೊಳ್ಳುತ್ತೇನೆ. 316 ಸ್ಟೇನ್‌ಲೆಸ್ ಸ್ಟೀಲ್ ಹೊರನೋಟಕ್ಕೆ ಹೊಳೆಯುತ್ತಲೇ ಇರುತ್ತದೆ, ಆದರೆ ಕಡಲ ನೀರು ಗ್ಯಾಸ್ಕೆಟ್ಟಿನ ಅಡಿಯಲ್ಲೋ ಕೊಳೆ ಕುಳಿತ ಕಡೆಯಲ್ಲೋ ನಿಶ್ಚಲವಾಗಿ ನಿಂತರೆ, ಅದರಲ್ಲಿರುವ ಕ್ಲೋರೈಡ್ ಆ ಸಂದಿಗಳಲ್ಲಿ ಲೋಹವನ್ನು ಗುಂಡಿ ಗುಂಡಿಯಾಗಿ ಕೊರೆಯುತ್ತದೆ. ಹಡಗು ಬಂದರಿನಲ್ಲಿ ದಿನಗಟ್ಟಲೆ ನಿಲ್ಲುತ್ತದೆ ಎಂಬುದನ್ನು ನೆನಪಿಡಿ. ಶೇಕಡ 90 ತಾಮ್ರ ಮತ್ತು 10 ನಿಕಲ್‌ನ ಕ್ಯುಪ್ರೊನಿಕಲ್‌ನಲ್ಲಿ ಸ್ವಲ್ಪ ಕಬ್ಬಿಣವೂ ಮ್ಯಾಂಗನೀಸೂ ಇರುತ್ತವೆ. ಅದರ ಒಳಮೈಯಲ್ಲಿ ಕಡಲ ನೀರಿನಿಂದಲೇ ಒಂದು ರಕ್ಷಣಾ ಪದರ ಬೆಳೆಯುತ್ತದೆ, ಚಿಪ್ಪುಜೀವಿಗಳೂ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ. ಜಲಾಂತರ್ಗಾಮಿಗಳಂಥ ಕಡೆ ಹೆಚ್ಚು ಬಲಕ್ಕಾಗಿ 70-30ರ ಮಿಶ್ರಲೋಹವನ್ನು ಬಳಸುವುದುಂಟು.

ಆದರೆ ಕ್ಯುಪ್ರೊನಿಕಲ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರಿನ ವೇಗ ಮಿತಿಮೀರಿದರೆ ಆ ಪದರ ಹರಿದುಹೋಗುತ್ತದೆ. 90-10ರ ದೊಡ್ಡ ವ್ಯಾಸದ ಪೈಪುಗಳಿಗೆ ಸೆಕೆಂಡಿಗೆ ಸುಮಾರು 3.5 ಮೀಟರ್ ಮೇಲ್ಮಿತಿ, ಸಣ್ಣ ಪೈಪುಗಳಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಅರ್ಧ ತೆರೆದ ವಾಲ್ವು, ಕಿರಿದಾದ ಬಾಗು, ಒಳಗೆ ಚಾಚಿಕೊಂಡ ಬೆಸುಗೆಯ ಬೇರು ಇವುಗಳ ಹಿಂದೆ ಏಳುವ ಸುಳಿಗಳಲ್ಲಿ ಸರಾಸರಿ ವೇಗ ಕಡಿಮೆಯಿದ್ದರೂ ಲೋಹ ಸವೆಯುತ್ತದೆ. ಬಂದರಿನ ಕೊಳಕು ನೀರಿನಲ್ಲಿರುವ ಸಲ್ಫೈಡ್ ಇನ್ನೊಂದು ಶತ್ರು. ರಕ್ಷಣಾ ಪದರ ಚೆನ್ನಾಗಿ ಬೆಳೆಯಲು ವಾರಗಳೇ ಬೇಕಾಗುತ್ತವೆ. ಅದು ಕೂಡುವ ಮೊದಲೇ ಕೊಳಕು ನೀರು ಒಳಹೊಕ್ಕು ನಿಂತರೆ ಹೊಸ ಪೈಪು ಸೇವೆಗೆ ಸೇರುವ ಮುನ್ನವೇ ಕೆಟ್ಟಿರುತ್ತದೆ. ಆದ್ದರಿಂದ ಹೈಡ್ರೋಟೆಸ್ಟನ್ನು ಸಿಹಿನೀರಿನಲ್ಲಿ ಮಾಡಿ, ಆಮೇಲೆ ಪೂರ್ತಿ ಬಸಿದು ಒಣಗಿಸಬೇಕೆಂದು ನಾವು ಹಟ ಹಿಡಿಯುತ್ತಿದ್ದೆವು. ಉತ್ಪಾದನಾ ವಿಭಾಗದವರಿಗೆ ಅದು ಕಾಲಹರಣವೆಂದು ತೋರುತ್ತಿತ್ತು, ಆದರೂ ಬಿಟ್ಟುಕೊಡಬಾರದ ವಿಷಯ ಅದು.

ಈಗ ಸ್ಟ್ರೆಸ್ ಅನಾಲಿಸಿಸ್. ಉಷ್ಣದಿಂದ ಹಿಗ್ಗುವ ಲೈನುಗಳು ಎಂಜಿನ್ನಿನ ಹೊಗೆಕೊಳವೆ ಮುಂತಾದ ಕೆಲವೇ ಕಡೆ ಇರುತ್ತವೆ ಎಂಬುದು ನಿಜ. ಆದರೆ ನಿಮ್ಮ ಲೆಕ್ಕಕ್ಕೆ ಬೇರೆ ಹೊರೆಗಳು ಸೇರುತ್ತವೆ. ಅಲೆಗಳ ಮೇಲೆ ಹಡಗಿನ ಒಡಲೇ ಬಾಗುತ್ತದೆ, ಅದಕ್ಕೆ ಬಿಗಿದ ಉದ್ದನೆಯ ಪೈಪೂ ಅದರ ಜೊತೆ ಬಾಗಬೇಕು. ಹತ್ತಿರದಲ್ಲಿ ನೀರಿನಡಿ ಸ್ಫೋಟವಾದರೆ ಶಾಕ್ ಮೌಂಟುಗಳ ಮೇಲೆ ಕುಳಿತ ಯಂತ್ರ ಪಕ್ಕದ ಗೋಡೆಗಿಂತ ಬೇರೆಯಾಗಿ ಕುಲುಕುತ್ತದೆ. ಎರಡರ ನಡುವಿನ ಪೈಪು ಆ ಚಲನೆಯನ್ನು ಮುರಿಯದೆ ತಾಳಿಕೊಳ್ಳಬೇಕು. ಬೂದು ಎರಕದ ಕಬ್ಬಿಣದ ವಾಲ್ವನ್ನು ಮುಖ್ಯ ವ್ಯವಸ್ಥೆಗಳ ಹತ್ತಿರ ಬಿಡದಿರುವುದಕ್ಕೂ ಇದೇ ಕಾರಣ, ಅದು ಬಾಗದೆ ಸಿಡಿಯುತ್ತದೆ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬ ನಿಮ್ಮ ತಿಳುವಳಿಕೆಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಇದರ ಜೊತೆಗೇ ಶಬ್ದದ ಪ್ರಶ್ನೆ ಬರುತ್ತದೆ. ಜಲಾಂತರ್ಗಾಮಿಯನ್ನು ಹುಡುಕುವ ಹಡಗು ತನ್ನದೇ ಪಂಪುಗಳ ಸದ್ದಿನಿಂದ ಕಿವುಡಾಗಬಾರದು, ಶತ್ರುವಿಗೆ ತನ್ನ ಸುಳಿವನ್ನೂ ಕೊಡಬಾರದು. ಪಂಪನ್ನು ರಬ್ಬರ್ ಮೌಂಟಿನ ಮೇಲೆ ಕೂರಿಸಿ, ಪೈಪಿಗೆ ಮೆದುವಾದ ಬೆಲ್ಲೋಸ್ (ಬಾಗುವ ಕೊಂಡಿ) ಜೋಡಿಸಿ, ಎಲ್ಲ ಸರಿಯಾಯಿತು ಎಂದುಕೊಂಡಾಗ, ಎಲ್ಲೋ ಒಂದು ಕ್ಲ್ಯಾಂಪು ರಬ್ಬರಿಲ್ಲದೆ ನೇರವಾಗಿ ಉಕ್ಕಿಗೆ ತಾಗಿದ್ದರೆ ಕಂಪನ ಆ ದಾರಿಯಲ್ಲೇ ಒಡಲಿಗೆ ಇಳಿದು ನೀರಿಗೆ ಸೇರುತ್ತದೆ. ರಬ್ಬರಿನ ಮೇಲೆ ಬಣ್ಣ ಬಳಿಯುವುದನ್ನು ನಾವು ತಡೆಯುತ್ತಿದ್ದುದು ಅದು ಗಡುಸಾಗುತ್ತದೆ ಎಂಬ ಕಾರಣಕ್ಕೆ.

ಕೊನೆಯದಾಗಿ, ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನಾನು ಬಯಸುವ ಒಂದು ಘಟನೆ. 1963ರ ಏಪ್ರಿಲ್ 10ರಂದು ಅಮೆರಿಕದ ಯುಎಸ್‌ಎಸ್ ಥ್ರೆಶರ್ ಎಂಬ ಪರಮಾಣು ಜಲಾಂತರ್ಗಾಮಿ ಆಳದ ಮುಳುಗು ಪರೀಕ್ಷೆಯಲ್ಲಿ 129 ಮಂದಿಯೊಡನೆ ಕಾಣೆಯಾಯಿತು. ಎಂಜಿನ್ ಕೋಣೆಯ ಕಡಲ ನೀರಿನ ಲೈನಿನಲ್ಲಿ ಬೆಳ್ಳಿಯ ಮಿಶ್ರಲೋಹದಿಂದ ಬೆಸೆದ ಒಂದು ಜೋಡಣೆ ಬಿಟ್ಟುಹೋಗಿರಬೇಕು, ಸಿಡಿದ ನೀರಿನಿಂದ ವಿದ್ಯುತ್ ವ್ಯವಸ್ಥೆ ಕೆಟ್ಟು ರಿಯಾಕ್ಟರ್ ನಿಂತಿರಬೇಕು ಎಂಬುದು ನೌಕಾಪಡೆಯ ತನಿಖೆ ಮುಂದಿಟ್ಟ ಸಂಭವ. ಟ್ಯಾಂಕುಗಳ ನೀರನ್ನು ಹೊರದೂಡಲು ಅಧಿಕ ಒತ್ತಡದ ಗಾಳಿ ಬಿಟ್ಟಾಗ, ಗಾಳಿಯಲ್ಲಿದ್ದ ತೇವ ಜಾಲರಿಗಳಲ್ಲಿ ಹಿಮವಾಗಿ ಕಟ್ಟಿಕೊಂಡು ದಾರಿ ಮುಚ್ಚಿರಬೇಕೆಂದೂ ಆಮೇಲಿನ ಪರೀಕ್ಷೆಗಳು ತೋರಿಸಿದವು. ಅದಕ್ಕೆ ಮುಂಚಿನ ದುರಸ್ತಿಯ ಅವಧಿಯಲ್ಲಿ 145 ಬೆಸುಗೆ ಜೋಡಣೆಗಳನ್ನು ಅಲ್ಟ್ರಾಸಾನಿಕ್ ವಿಧಾನದಿಂದ ನೋಡಿದಾಗ ಸುಮಾರು ಶೇಕಡ 14ರಷ್ಟು ಮಟ್ಟಕ್ಕಿಂತ ಕೆಳಗಿದ್ದವು. ಉಳಿದ ಸಾವಿರಾರು ಜೋಡಣೆಗಳನ್ನು ಹಾಗೆ ನೋಡಿರಲಿಲ್ಲ. ಪ್ರತಿಯೊಂದು ಬಿಡಿಭಾಗದ ಲೋಹ, ಬೆಸುಗೆ, ಪರೀಕ್ಷೆ ಎಲ್ಲಕ್ಕೂ ದಾಖಲೆಯ ಸಾಕ್ಷ್ಯ ಕೇಳುವ ಸಬ್‌ಸೇಫ್ ಎಂಬ ವ್ಯವಸ್ಥೆ ಅದೇ ವರ್ಷ ಹುಟ್ಟಿತು. ಮುಂದೆ ನಿಮ್ಮೆದುರು ಬೆಸುಗೆಯ ದಾಖಲೆಗಳ ರಾಶಿ ಬಂದಾಗ ಅದನ್ನು ಕಾಗದದ ಕಾಟವೆಂದು ದಯವಿಟ್ಟು ಎಣಿಸಬೇಡಿ.

ಉತ್ತರ 4 — ಬೆಂಗಳೂರಿನ ಸಾಗರ ವಿನ್ಯಾಸ ಸೇವೆಯಲ್ಲಿರುವವರು

ತಾಂತ್ರಿಕ ಸಂಗತಿಗಳನ್ನು ಹಿರಿಯರು ಹೇಳಿದ್ದಾರೆ. ನಾನು ಉದ್ಯೋಗದ ಬಗೆಗಷ್ಟೇ ಬರೆಯುತ್ತೇನೆ. ಹುದ್ದೆ ಕಾಯಂ ಆದುದೇ ಅಥವಾ ಒಂದು ಯೋಜನೆಗೆ ಸೀಮಿತವಾದ ಗುತ್ತಿಗೆಯೇ ಎಂಬುದನ್ನು ಸಂದರ್ಶನಕ್ಕೆ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ. ಪೊಲೀಸ್ ಪರಿಶೀಲನೆ ಇರುತ್ತದೆ, ಕೆಲಸದ ಕಂಪ್ಯೂಟರಿಗೆ ಇಂಟರ್ನೆಟ್ ಇರುವುದಿಲ್ಲ, ಅನೇಕ ವಿಭಾಗಗಳಿಗೆ ಮೊಬೈಲ್ ಒಯ್ಯುವಂತಿಲ್ಲ. ನೀವು ಮಾಡಿದ ಒಂದೇ ಒಂದು ನಕ್ಷೆಯನ್ನೂ ಮುಂದೆ ಬೇರೆ ಕಡೆ ತೋರಿಸುವಂತಿಲ್ಲವಾದ್ದರಿಂದ, ವೃತ್ತಿ ಬದಲಿಸುವಾಗ ಮಾತಿನಲ್ಲೇ ನಿಮ್ಮ ಅನುಭವವನ್ನು ಮನಗಾಣಿಸಬೇಕಾಗುತ್ತದೆ.

ಊರು ಬಿಡುವುದು ಕಷ್ಟವಾದರೆ ಮಲ್ಪೆಯ ಶಿಪ್‌ಯಾರ್ಡನ್ನೂ ಗಮನಿಸಿ. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡ ಅದು ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ಟಗ್ ದೋಣಿಗಳನ್ನೂ ನಾರ್ವೆಯ ಗ್ರಾಹಕರಿಗೆ ಸರಕು ಹಡಗುಗಳನ್ನೂ ಕಟ್ಟುತ್ತಿದೆ. ಅವು ಯುದ್ಧನೌಕೆಗಳಲ್ಲ, ಆದರೆ ಬಿಲ್ಜ್ (ತಳದಲ್ಲಿ ಸೇರುವ ನೀರು), ಬ್ಯಾಲಾಸ್ಟ್ (ಸಮತೋಲಕ್ಕೆ ತುಂಬುವ ನೀರು), ಇಂಧನ, ತಂಪುನೀರು ಎಂಬ ಮೂಲ ವ್ಯವಸ್ಥೆಗಳನ್ನು ಆದಿಯಿಂದ ಅಂತ್ಯದವರೆಗೆ ಒಬ್ಬರೇ ನೋಡುವ ಅವಕಾಶ ಸಣ್ಣ ಹಡಗಿನಲ್ಲಿ ಹೆಚ್ಚು.

ಉತ್ತರ 5 — ಕೊಚ್ಚಿಯಲ್ಲಿರುವ ಹಡಗು ವಿನ್ಯಾಸಕ

ಮಲ್ಪೆಯ ಸಲಹೆಯನ್ನು ನಾನೂ ಬೆಂಬಲಿಸುತ್ತೇನೆ. ಹಾಗೆಯೇ ಮುಂಬಯಿಯವರು ಹೇಳಿದಂತೆ ಯಾರ್ಡಿನ ನೆಲದ ಮೇಲೆ ಆರಂಭಿಸಲು ಅವಕಾಶವಿದೆಯೇ ಎಂದು ಸಂದರ್ಶನದಲ್ಲೇ ಕೇಳಿ. ಅಂಥ ಪ್ರಶ್ನೆಯನ್ನು ಅಲ್ಲಿನ ಹಿರಿಯರು ಮೆಚ್ಚುತ್ತಾರೆ. ಸಿದ್ಧತೆಗೆ ಒಂದು ಅಭ್ಯಾಸ ಸೂಚಿಸುತ್ತೇನೆ. ಆರು ಜಲನಿರೋಧಕ ವಿಭಾಗಗಳಿರುವ ಒಂದು ಹಡಗನ್ನು ಕಾಗದದ ಮೇಲೆ ಗೀಚಿಕೊಂಡು, ಅದಕ್ಕೆ ಫೈರ್‌ಮೇನ್, ಪಂಪು, ವಾಲ್ವುಗಳನ್ನು ಹಾಕಿ. ಆಮೇಲೆ ಪಕ್ಕಪಕ್ಕದ ಯಾವುದಾದರೂ ಎರಡು ವಿಭಾಗಗಳನ್ನು ಪೂರ್ತಿ ಅಳಿಸಿ, ಉಳಿದ ನಾಲ್ಕಕ್ಕೂ ನೀರು ತಲುಪುತ್ತದೆಯೇ, ಅದಕ್ಕಾಗಿ ಯಾವ ಯಾವ ವಾಲ್ವುಗಳನ್ನು ಯಾರು ಎಲ್ಲಿಂದ ಮುಚ್ಚಬೇಕು ಎಂದು ಬರೆಯಿರಿ. ಹಾಗೆ ಮಾಡಿದ ನಕ್ಷೆಯನ್ನು ಇಲ್ಲಿ ಹಾಕಿದರೆ, ಅದು ಯಾವ ನಿಜವಾದ ಹಡಗಿನದೂ ಅಲ್ಲವಾದ್ದರಿಂದ, ನಾವೆಲ್ಲ ನೋಡಿ ಅಭಿಪ್ರಾಯ ತಿಳಿಸಬಹುದು.